ತಮ್ಮನ ಪಾತ್ರಕ್ಕೆ ಯಾರೂ ಇಲ್ಲ

ನಿವೃತ್ತಳಾಗಿ ಬೀದರದ ನೌಬಾದ ಬಡಾವಣೆಯ ಮನೆಯಲ್ಲಿ ಕುಳಿತ ಮೇಲೆ ನನ್ನನ್ನು ಹುಡುಕಿಕೊಂಡು ಬರುವವರಲ್ಲಿ ಹೆಚ್ಚಿನವರು ಪಿಯು ಕಾಲೇಜಿಗೆ ಹೊಸದಾಗಿ ಸೇರಿದ ಕನ್ನಡ ಉಪನ್ಯಾಸಕರು. ಕುಳಿತು, ಚಹಾ ಕುಡಿದು, ಊರುಕೇರಿ ವಿಚಾರಿಸಿ, ಕೊನೆಗೆ ಮೆಲ್ಲಗೆ ಬಾಯಿ ಬಿಡುತ್ತಾರೆ: "ಮೇಡಂ, ದುರಂತ ನಾಟಕದ್ದು ನಿಮ್ಮ ನೋಟ್ಸ್ ಭಾಳ ಚಲೋ ಇರ್ತಾವಂತ್ರಿ." ನನ್ನ ಹತ್ತಿರ ನೋಟ್ಸ್ ಇಲ್ಲ. ಇದ್ದವನ್ನು ಎಂದೋ ರದ್ದಿಗೆ ಹಾಕಿದೆ. ಹಾಗೆಂದರೆ ಯಾರೂ ನಂಬುವುದಿಲ್ಲ, ಮುದುಕಿ ಕೊಡಲು ಹಿಂದೆಮುಂದೆ ನೋಡುತ್ತಾಳೆ ಎಂದುಕೊಂಡು ಎದ್ದುಹೋಗುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ತರಗತಿಯಲ್ಲಿ ಆದದ್ದಷ್ಟೇ ಇದೆ.

ನಾಟಕದ ಕಥೆ ಮೊದಲೇ ಹೇಳಿಬಿಡುತ್ತೇನೆ. ಹೆಸರು ಬೇಡ, ಅದನ್ನು ಇನ್ನೂ ಕಲಿಸುತ್ತಿರುವವರು ನನ್ನ ಮೇಲೆ ಮುನಿಸಿಕೊಂಡಾರು. ಬೇರೆ ದೇಶದಿಂದ ಬಂದು ಕನ್ನಡದಲ್ಲಿ ಪಳಗಿದ ಹಳೆಯ ನಾಟಕ. ಒಂದು ಕೋಟೆ, ಇಬ್ಬರು ಅಣ್ಣತಮ್ಮಂದಿರು, ಅವರ ತಾಯಿ. ಒರಟು ಮಾತಿನ ಅಣ್ಣ ಯುದ್ಧಕ್ಕೆ ಹೊರಡುತ್ತಾನೆ. ಅವನು ಮರಳಿ ಬಂದಾಗ ಕೋಟೆಯ ಬಾಗಿಲು ತೆರೆಯಬೇಕಾದವನು ತಮ್ಮ. ಈ ತಮ್ಮ ಸ್ವಗತದಲ್ಲಿ, ಅಂದರೆ ಒಬ್ಬನೇ ನಿಂತು ನಮ್ಮೆದುರು ಮನಸ್ಸು ಬಿಚ್ಚುವಾಗ, ಬಾಗಿಲು ತೆರೆಯುವುದಿಲ್ಲವೆಂದು ನಿಶ್ಚಯಿಸುತ್ತಾನೆ. ಮರುದೃಶ್ಯದಲ್ಲಿ ತಾಯಿಯ ತಲೆಯ ಮೇಲೆ ಕೈಯಿಟ್ಟು, ತೆರೆಯುತ್ತೇನೆಂದು ಆಣೆ ಮಾಡುತ್ತಾನೆ. ತಾಯಿ ನಂಬಿ ಹರಸುತ್ತಾಳೆ. ಅಣ್ಣ ಬಾಗಿಲ ಹೊರಗೆ ಕೂಗಿ ಕೂಗಿ ಶತ್ರುವಿನ ಕೈಯಲ್ಲಿ ಸಾಯುತ್ತಾನೆ. ಔರಾದ, ಬೀದರ, ಭಾಲ್ಕಿ, ಮೂರೂ ಕಡೆ ನಾನು ಇದನ್ನು ಕಲಿಸಿದೆ. ಪಠ್ಯದಲ್ಲಿ ಇಲ್ಲದ ವರ್ಷಗಳಲ್ಲಿಯೂ ಶನಿವಾರದ ಕೊನೆಯ ಅವಧಿಯಲ್ಲಿ ಓದಿಸಿದೆ.

ಔರಾದ ನನ್ನ ಮೊದಲ ಊರು. ಅರ್ಧ ತರಗತಿಯ ಮನೆಮಾತು ಮರಾಠಿ. ಮನ್ನಳ್ಳಿಯಲ್ಲಿ ಬೆಳೆದ ನನ್ನ ಕನ್ನಡವೇ ಅವರಿಗೆ ದೂರ, ಇನ್ನು ಪುಸ್ತಕದ ಕನ್ನಡ ಕೇಳಬೇಕೆ? ನಾನು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದೆ, ಅವರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. "ನಾಟಕೀಯ ವ್ಯಂಗ್ಯ ಎಂದರೆ ಪಾತ್ರಕ್ಕೆ ಗೊತ್ತಿಲ್ಲದ್ದು ಪ್ರೇಕ್ಷಕನಿಗೆ ಗೊತ್ತಿರುವುದು. ಪೂರ್ಣವಿರಾಮ." ಅವರು ಪೂರ್ಣವಿರಾಮ ಎಂಬುದನ್ನೂ ಬರೆದುಕೊಂಡಿದ್ದರು ಎಂದು ಕಿರುಪರೀಕ್ಷೆಯಲ್ಲಿ ಗೊತ್ತಾಯಿತು. ತಿಳಿಯಿತೇ ಎಂದರೆ ಎಲ್ಲರೂ "ಹೌದ್ರಿ" ಎನ್ನುತ್ತಿದ್ದರು. ಹಾಗಾದರೆ ನಿಮ್ಮ ಮನೆಯದೇ ಒಂದು ಉದಾಹರಣೆ ಕೊಡಿ ಎಂದಾಗ ಎಲ್ಲರ ಕಣ್ಣೂ ಬೆಂಚಿನ ಮೇಲೆ.

ಒಂದು ದಿನ ಎಕಂಬಾ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ನಮ್ಮಕ್ಕನ್ನ ನೋಡ್ಲಿಕ್ಕೆ ಬೀಗರು ಬಂದಿದ್ರು ಮೇಡಂ. ಆಕಿಗೆ ಯಾರೂ ಹೇಳಿದ್ದಿಲ್ರಿ. ಹೊಲದಿಂದ ಹಂಗೇ ಬಂದಾಕಿ, ಕಾಲಾಗ ಕೆಸರು, 'ಯಾರ್ರಿ ನೀವು, ಎಮ್ಮಿ ವ್ಯಾಪಾರಕ್ಕ ಬಂದೀರೇನು' ಅಂತ ಕೇಳಿದ್ಳು. ಒಳಗ ನಾವೆಲ್ಲ ಬಾಯಿ ಮುಚ್ಕೊಂಡು ಕುಂತಿದ್ವಿ."

ತರಗತಿ ನಕ್ಕು ನಕ್ಕು ಸುಸ್ತಾಯಿತು. "ಮದುವೆ ಆಯಿತೇ?" ಎಂದು ಕೇಳಿದೆ. "ಆತ್ರಿ, ಅವರಿಗೆ ಅದೇ ಭಾಳ ಸೇರ್ತಂತ," ಎಂದಳು. ಆ ದಿನ ನನ್ನ ನೋಟ್ಸ್ ಮುಚ್ಚಿಟ್ಟು, ತಮ್ಮನ ಸ್ವಗತವನ್ನೂ ಆಣೆಯ ದೃಶ್ಯವನ್ನೂ ಒಂದಾದ ಮೇಲೊಂದು ಓದಿಸಿದೆ. ಬೀಗರ ಕಥೆಗೆ ನಕ್ಕ ಅದೇ ಹುಡುಗಿಯರು ತಾಯಿ ಹರಸುವಾಗ ಸುಮ್ಮನಾದರು. ಒಳಗಿನವರಿಗೆ ಗೊತ್ತಿದ್ದು ಹೊರಗಿನವರಿಗೆ ಗೊತ್ತಿಲ್ಲದಿರುವುದು ಒಮ್ಮೆ ನಗುವಾಗುತ್ತದೆ, ಒಮ್ಮೆ ಸಂಕಟವಾಗುತ್ತದೆ ಎಂದು ಅವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

ಔರಾದದಲ್ಲಿ ನನಗಿಂತ ಹಿರಿಯರಾದ ಕುಲಕರ್ಣಿ ಸರ್ ಎಂಬುವರಿದ್ದರು. ಅವರದು ಒಂದೇ ಮಂತ್ರ. "ಕಾಲಂ ಹೊಡಸ್ರಿ ಮೇಡಂ. ಪಾತ್ರಗಳ ಹೋಲಿಕಿ ಬಂತಂದ್ರ ನಡುವ ಗೆರಿ, ಆ ಕಡಿ ಅಣ್ಣ, ಈ ಕಡಿ ತಮ್ಮ. ಮಾರ್ಕ್ ಎಲ್ಲಿ ಹೋಗ್ತಾವ?" ಆ ಕಡೆ ಧೀರ, ಈ ಕಡೆ ಹೇಡಿ. ಆ ಕಡೆ ಸತ್ಯವಂತ, ಈ ಕಡೆ ಸುಳ್ಳುಗಾರ. ಮಾರ್ಕ್ಸ್ ಬಂದದ್ದು ಹೌದು, ಅದರಲ್ಲಿ ನಾನು ಅವರನ್ನು ತೆಗಳಲಾರೆ. ಫಲಿತಾಂಶ ಕಡಿಮೆಯಾದರೆ ಮೇಲಿನವರಿಗೆ ಉತ್ತರ ಕೊಡಬೇಕಾದವರು ನಾವೇ ತಾನೆ? ನಾನೂ ಬಹಳ ಕಾಲ ಕಾಲಂ ಹೊಡೆಸಿದೆ.

ಅದು ಬಿಟ್ಟುಹೋದದ್ದು ಬೀದರಿಗೆ ಬಂದ ಮೇಲೆ, ಮೌಲ್ಯಮಾಪನಕ್ಕೆ ಕುಳಿತಾಗ. ಒಂದು ಉತ್ತರಪತ್ರಿಕೆಯಲ್ಲಿ ಅಚ್ಚುಕಟ್ಟಾದ ಕಾಲಂ. ಅಕ್ಷರ ಮುತ್ತು ಪೋಣಿಸಿದಂತೆ. ಒಂದೇ ಕೊರತೆ, ತಲೆಬರಹ ಅದಲುಬದಲು. ಅಣ್ಣನ ಕೆಳಗೆ ತಮ್ಮನ ಗುಣಗಳೆಲ್ಲ, ತಮ್ಮನ ಕೆಳಗೆ ಅಣ್ಣನವು. ಪಕ್ಕದಲ್ಲಿದ್ದವರಿಗೆ ತೋರಿಸಿದೆ. "ಪಾಪ, ಗುಣ ಎಲ್ಲಾ ಖರೇ ಬರದಾರ. ಅರ್ಧ ಕೊಡ್ರಿ," ಎಂದರು. ಅರ್ಧ ಕೊಟ್ಟೆ. ಆದರೆ ತಲೆಯಲ್ಲಿ ಅದೇ ಹುಳ ಕೊರೆಯುತ್ತಿತ್ತು. ಇಡೀ ನಾಟಕ ಓದಿದ ಮಗುವಿಗೆ ಸತ್ತವನು ಯಾರು, ಬಾಗಿಲು ಮುಚ್ಚಿದವನು ಯಾರು ಎಂಬುದೇ ಉಳಿದಿಲ್ಲವೆಂದರೆ ಉಳಿದದ್ದು ಗೆರೆ ಮಾತ್ರ. ಆಮೇಲೆ ನಾನು ಕಾಲಂ ಹೊಡೆಸಲಿಲ್ಲ.

ಬದಲಿಗೆ ಏನು ಮಾಡುವುದೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಒಮ್ಮೆ ಹುಡುಗಿಯರನ್ನು ಬೀದರ ಕೋಟೆಗೆ ಕರೆದೊಯ್ದೆ. ತಮ್ಮನನ್ನು ಬಾಗಿಲ ಒಳಗೆ, ಅಣ್ಣನನ್ನು ಹೊರಗೆ ನಿಲ್ಲಿಸಿ ಕೊನೆಯ ದೃಶ್ಯ ಓದಿಸಿದೆ. ಹೊರಗಿನವಳಿಗೆ ಹುರುಪು ಬಂದು, "ಬಾಗಿಲು ತೆಗೆ, ಬಾಗಿಲು ತೆಗೆ" ಎಂದು ಆ ಕಲ್ಲುಗಳೆಲ್ಲ ಮಾರ್ದನಿಸುವ ಹಾಗೆ ಕೂಗಿದಳು. ಯಾರೋ ಸಿಕ್ಕಿಹಾಕಿಕೊಂಡಿದ್ದಾರೆಂದು ಕಾವಲುಗಾರ ಏದುಸಿರು ಬಿಡುತ್ತ ಓಡಿ ಬಂದ. "ಬಾಗ್ಲ ತೆರದೇ ಅದಲ್ಲವಾ ತಾಯಿ," ಎಂದು ಅವಳಿಗೆ ತೋರಿಸಿದ. ನಾಟಕ ಎಂದೆ. "ನಾಟಕಾ ಸಾಲ್ಯಾಗ ಮಾಡ್ರಿ ಮೇಡಂ," ಎಂದು ನನ್ನನ್ನು ಗದರಿಸಿ ಹೋದ. ಅವಮಾನವಾಯಿತು, ಆದರೆ ಆ ವರ್ಷ ಯಾರೂ ಅಣ್ಣತಮ್ಮಂದಿರನ್ನು ಅದಲುಬದಲು ಮಾಡಲಿಲ್ಲ.

ನಡುವೆ ಕಾಲ ಬದಲಾಯಿತು. ನೋಟ್ಸ್ ಬರೆಸುವುದು ಹೋಗಿ ಝೆರಾಕ್ಸ್ ಬಂತು. ಝೆರಾಕ್ಸ್ ಹೋಗಿ ಮೊಬೈಲಿನಲ್ಲಿ ಪಿಡಿಎಫ್ ಬಂತು. ಗೋಡೆಯ ಮೇಲೆ ದೊಡ್ಡ ಪರದೆ ಬಂತು, ಅದು ಹೊತ್ತಿಕೊಳ್ಳುವಷ್ಟರಲ್ಲಿ ಅರ್ಧ ಅವಧಿ ಮುಗಿಯುತ್ತಿತ್ತು. ಎಲ್ಲವನ್ನೂ ಕಲಿತೆ, ಎಲ್ಲವನ್ನೂ ಸ್ವಲ್ಪ ಬೈದೆ. ಹಾಗೆ ಬೈಯುತ್ತಲೇ ಭಾಲ್ಕಿಗೆ ವರ್ಗವಾಗಿ ಬಂದೆ. ನಿಮಗೆ ನಿಜವಾಗಿ ಹೇಳಬೇಕಾದದ್ದು ಅಲ್ಲಿಯದು.

ಭಾಲ್ಕಿಯದೂ ಹೆಣ್ಣುಮಕ್ಕಳ ಕಾಲೇಜು. ವರ್ಷಕ್ಕೊಮ್ಮೆ ಗ್ಯಾದರಿಂಗ್ ಎಂದು ವಾರ್ಷಿಕ ಸಮಾರಂಭ. ನಿವೃತ್ತಿಗೆ ಮುಂಚಿನ ವರ್ಷ, ಈ ನಾಟಕದ ಮೂರು ದೃಶ್ಯ ಆಡಿಸುತ್ತೇನೆ ಎಂದೆ. ಪ್ರಾಂಶುಪಾಲರಾದ ಪಾಟೀಲ ಸರ್ ಗಣಿತದವರು. ಅವರಿಗೆ ಹಾಡು, ಕುಣಿತ ಇದ್ದರೆ ಸಾಕಿತ್ತು, ಆದರೂ ಬೇಡ ಎನ್ನಲಿಲ್ಲ. ಅಣ್ಣನ ಪಾತ್ರಕ್ಕೆ ಹುಡುಗಿಯರು ಜಗಳಾಡಿದರು. ತಾಯಿಯ ಪಾತ್ರವನ್ನು ನಸ್ರೀನ್ ಎಂಬ ಮಾತಿನ ಮಲ್ಲಿ ಯಾರನ್ನೂ ಕೇಳದೆ ತಾನೇ ಎತ್ತಿಕೊಂಡಳು. ತಮ್ಮನ ಪಾತ್ರ ಯಾರಿಗೆ ಎಂದರೆ ಒಂದು ಕೈಯೂ ಮೇಲೇಳಲಿಲ್ಲ.

"ಯಾಕ? ಅಂವಗೇ ಭಾಳ ಮಾತು ಅದಾವಲ್ಲ," ಎಂದೆ.

"ಸುಳ್ಳು ಆಣಿ ಅದಲ್ರಿ ಮೇಡಂ," ಎಂದಿತು ಹಿಂದಿನ ಬೆಂಚಿನ ಒಂದು ದನಿ. "ಅದೂ ಅವ್ವನ ಆಣಿ. ಮನ್ಯಾಗ ಅವ್ವ ಇರ್ತಾಳಲ್ರಿ. ಆಕಿಗೆ ತಟ್ತದ."

ನಾಟಕದ ತಾಯಿಯ ಮೇಲೆ ಇಡುವ ಆಣೆ, ನಿಮ್ಮ ತಾಯಿಗೇನು ಸಂಬಂಧ ಎಂದು ವಾದಿಸಿದೆ. ಯಾರೂ ಜಗ್ಗಲಿಲ್ಲ. ಬಾಯಲ್ಲಿ ಬರುವುದು ಅವ್ವ ಎಂಬ ಮಾತೇ ಅಲ್ಲವೇ ಎಂದರು. ನಸ್ರೀನ್ ಅಂತೂ, "ನಮ್ಮ ಅಮ್ಮೀ ಝೂಟೀ ಕಸಮ್, ಸುಳ್ಳು ಆಣಿ ಕೇಳಿದ್ರ ನನ್ನ ಕಾಲೇಜೇ ಬಿಡಸ್ತಾಳ್ರಿ. ನಾ ತಾಯಿ ಆಗ್ತೀನಿ, ಅದು ಸೇಫ್ ಅದ," ಎಂದಳು. ನಗು ಬಂದರೂ ಪಾತ್ರ ಮಾತ್ರ ಖಾಲಿಯೇ ಉಳಿಯಿತು.

ಪಾಟೀಲ ಸರ್ ಹತ್ತಿರ ಹೋದೆ. ಅವರು ಒಂದೇ ಮಾತಿನಲ್ಲಿ ಬಗೆಹರಿಸಿದರು. "ಒಂದು ಸಾಲು ಅದ. ತಗದು ಒಗೀರಿ."

"ಸರ್, ಗಣಿತದಾಗ ಒಂದು ಹೆಜ್ಜಿ ಬಿಟ್ರ ನೀವೇನ್ ಮಾಡ್ತೀರಿ?"

"ಮಾರ್ಕ್ ಕಟ್ ಮಾಡ್ತೀನಿ."

"ಇದೂ ಹಂಗೇ ಅದರಿ," ಎಂದೆ. ಇಡೀ ನಾಟಕದಲ್ಲಿ ಅಣ್ಣ ಎಲ್ಲಿಯೂ ಆಣೆ ಮಾಡುವುದಿಲ್ಲ. ಜೀವಂತ ಬರುತ್ತೇನೆಂದು ಆಣೆ ಮಾಡು ಎಂದು ತಾಯಿ ಅಂಗಲಾಚಿದರೂ, ಸಾಧ್ಯವಾದರೆ ಬರುತ್ತೇನೆ ಎಂದಷ್ಟೇ ಹೇಳಿ ಹೋಗುತ್ತಾನೆ. ತಮ್ಮನಾದರೋ ತಾಯಿ ಕೇಳುವ ಮೊದಲೇ ಅವಳ ತಲೆಯ ಮೇಲೆ ಕೈಯಿಡುತ್ತಾನೆ. ಇಬ್ಬರ ನಡುವಿನ ವ್ಯತ್ಯಾಸವೆಲ್ಲ ಆ ಒಂದು ಕೈಯಲ್ಲಿದೆ. ಆಣೆ ತೆಗೆದರೆ ತಮ್ಮ ಬರೀ ಬಾಗಿಲು ತೆಗೆಯದ ಸೋಮಾರಿ ಅಷ್ಟೇ. ಪಾಟೀಲ ಸರ್ ನನ್ನ ಮುಖ ನೋಡಿ, "ನಿಮ್ಮ ಹಣೇಬರಹ, ನಡೀಲಿ," ಎಂದರು.

ಮರುದಿನ ಸುವರ್ಣಾ ಎದ್ದು ನಿಂತಳು. ಹತ್ತಿರದ ಹಳ್ಳಿಯಿಂದ ಬಸ್ಸಿಗೆ ಬರುವ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. "ನಾ ಮಾಡ್ತೀನ್ರಿ. ನನಗ ಅವ್ವ ಇಲ್ರಿ."

ಅಳುವ ದನಿಯಲ್ಲಿ ಹೇಳಲಿಲ್ಲ. ಹಾಜರಿಗೆ ಉತ್ತರ ಕೊಟ್ಟ ಹಾಗೆ ಹೇಳಿದಳು. ಅವಳ ತಾಯಿ ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ತಂದೆ ಮತ್ತೆ ಮದುವೆಯಾಗಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು. ಪಾತ್ರ ತುಂಬಿತಲ್ಲ ಎಂದು ನಾನು ನಿರಾಳವಾದೆ. ಸುವರ್ಣಾ ಚೆನ್ನಾಗಿಯೂ ಮಾಡುತ್ತಿದ್ದಳು. ಉಳಿದವರು ಸುಳ್ಳು ಹೇಳುವ ಪಾತ್ರವೆಂದರೆ ಕಣ್ಣು ಹೊರಳಿಸುತ್ತಾರೆ. ಇವಳು ತಣ್ಣಗೆ, ಪ್ರೀತಿಯಿಂದ, ನಂಬುವಂತೆ ಆಣೆ ಮಾಡುತ್ತಿದ್ದಳು.

ಒಂದು ವಾರ ಕಳೆದಿರಬೇಕು. ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ತಲೆಯ ತುಂಬ ಸೆರಗು, ಚಪ್ಪಲಿ ಹೊರಗೇ ಬಿಟ್ಟಿದ್ದಳು.

"ನಾ ಶಾಂತಾಬಾಯಿರಿ. ಸುವರ್ಣಾನ ಮನ್ಯಾಕಿ."

"ತಾಯಿಯೇನ್ರಿ?" ಎಂದೆ.

"ಅದೇ ಕೇಳ್ಲಿಕ್ಕೆ ಬಂದೀನ್ರಿ ಮೇಡಂ," ಎಂದಳು. ಕುರ್ಚಿ ತೋರಿಸಿದರೂ ಕೂಡಲಿಲ್ಲ. "ವರ್ಗದಾಗ ಆಕಿ ನನಗ ಅವ್ವ ಇಲ್ಲ ಅಂದಳಂತ. ಓಣ್ಯಾಗ ಹೆಣ್ಮಕ್ಕಳು ಆಡ್ಕೋತಾರ. ಖರೇ ಏನ್ರಿ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಅಂದಳ್ರಿ," ಎಂದೆ.

"ಮತ್ತ ನಾ ಯಾರ್ರಿ?"

ಅವಳೇ ಮಾತು ಮುಂದುವರಿಸಿದಳು. "ಆಕಿ ಸಣ್ಣಾಕಿ ಇದ್ದಾಗ ಆ ಮನಿಗೆ ಬಂದೀನ್ರಿ. ಜಡಿ ಹಾಕೀನಿ. ಜ್ವರ ಬಂದ್ರ ಬಗಲಾಗ ಹಾಕ್ಕೊಂಡು ಮಲಗೀನಿ. ಚಿಕ್ಕವ್ವ ಅಂತಾಳ, ಅನ್ಲಿ. ಹಡದಾಕಿ ನಾ ಅಲ್ಲ, ಅದು ನನಗೂ ಗೊತ್ತದ. ಆದ್ರ ಇಲ್ಲ ಅನಬಾರ್ದಲ್ರಿ. ನಾ ಇದ್ದೂ ಇಲ್ಲ ಅಂದ್ರ ಹ್ಯಾಂಗ್ರಿ?"

ನಾನು ಆಣೆಯ ವಿಷಯ, ಪಾತ್ರದ ವಿಷಯ ವಿವರಿಸಿದೆ. ತಾಳ್ಮೆಯಿಂದ ಕೇಳಿದಳು. "ತಟ್ಟಿದ್ರ ನನಗ ತಟ್ತದ ಅಂತ ಆಕಿಗೆ ಅನಸಲಿಲ್ಲಲ್ರಿ," ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ನಾ ಬಂದಿದ್ದು ಆಕಿಗೆ ಹೇಳಬ್ಯಾಡ್ರಿ. ಬೈಬ್ಯಾಡ್ರಿ. ಪಾರ್ಟೂ ಬಿಡಸಬ್ಯಾಡ್ರಿ. ಮನ್ಯಾಗ ರೊಟ್ಟಿ ಬಡ್ಯಾಗೂ ಅದೇ ಮಾತು ಹೇಳ್ಕೋತ ಕೂಡ್ತಾಳ," ಎಂದು ಹೊರಟುಹೋದಳು.

ನನಗೆ ಸುವರ್ಣಾಳ ಮೇಲೆ ಸಿಟ್ಟು ಬಂತು. ತರಗತಿಗೆ ಹೋಗಿ ಅವಳ ಮುಖ ನೋಡಿದ ಮೇಲೆ ಆ ಸಿಟ್ಟು ಉಳಿಯಲಿಲ್ಲ. ಅವಳು ಯಾರನ್ನೂ ನೋಯಿಸಲು ಆ ಮಾತು ಆಡಿರಲಿಲ್ಲ. ತನಗೆ ತಿಳಿದಿದ್ದನ್ನು ತಿಳಿದ ಹಾಗೆ ಹೇಳಿದ್ದಳು. ಶಾಂತಾಬಾಯಿ ಹೇಳಬೇಡಿ ಎಂದಿದ್ದರಿಂದ ನಾನೂ ಬಾಯಿ ಬಿಡಲಿಲ್ಲ. ಅಲ್ಲಿಂದ ಮುಂದೆ ಪ್ರತಿ ತಾಲೀಮಿನಲ್ಲಿ ಆ ಆಣೆ ಬಂದಾಗ ನನಗೆ ಬಾಗಿಲಲ್ಲಿ ನಿಂತ ಆ ಹೆಂಗಸೇ ನೆನಪಾಗುತ್ತಿದ್ದಳು. ಸುವರ್ಣಾ ಮಾತ್ರ ಒಂದು ಸಲವೂ ತಡವರಿಸಲಿಲ್ಲ.

ಗ್ಯಾದರಿಂಗ್ ಮಧ್ಯಾಹ್ನ ನಡೆಯಿತು. ಶಾಂತಾಬಾಯಿ ಬೆಳಿಗ್ಗೆಯೇ ಮಗಳ ಜೊತೆ ಬಂದಿದ್ದಳು. ತರಗತಿ ಕೋಣೆಯೊಂದನ್ನು ಬಣ್ಣ ಹಚ್ಚುವ ಕೋಣೆ ಮಾಡಿಕೊಂಡಿದ್ದೆವು. ಅಲ್ಲಿ ಅವಳೇ ಸುವರ್ಣಾಳಿಗೆ ಧೋತರ ಉಡಿಸಿ, ಕಚ್ಚೆ ಬಿಚ್ಚದ ಹಾಗೆ ಎಳೆದೆಳೆದು ನೋಡಿದಳು. ಸುವರ್ಣಾ ಎರಡೂ ಕೈ ಮೇಲೆತ್ತಿ, ತನ್ನ ಮಾತುಗಳನ್ನು ಗೊಣಗಿಕೊಳ್ಳುತ್ತ ನಿಂತಿದ್ದಳು. ಕೆಲಸ ಮುಗಿಸಿ ಶಾಂತಾಬಾಯಿ ಹೊರಗೆ ಹೋಗಿ ಹೆಂಗಸರ ಮೊದಲ ಸಾಲಿನಲ್ಲಿ, ವೇದಿಕೆಯ ಸರೀ ಎದುರಿಗೆ ಕುಳಿತಳು.

ಸ್ವಗತ ಚೆನ್ನಾಗಿ ಬಂತು. ಮುಂದೆ ಆಣೆಯ ದೃಶ್ಯ. ನಸ್ರೀನ್ ತಾಯಿಯಾಗಿ ಕುಳಿತಳು. ಸುವರ್ಣಾ ಅವಳ ತಲೆಯ ಮೇಲೆ ಕೈಯಿಡಲು ಹೋಗಿ ಎದುರಿನ ಮೊದಲ ಸಾಲಿನ ಕಡೆ ನೋಡಿದಳು. ಕೈ ಅಲ್ಲಿಯೇ ನಿಂತಿತು. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತಿದ್ದ ನಾನು ಮಾತು ಎತ್ತಿಕೊಟ್ಟೆ. ಅವಳಿಗೆ ಕೇಳಿಸಿತು, ಕೇಳಿಸಿದ್ದು ನನಗೆ ಕಂಡಿತು. ನಸ್ರೀನ್ ಕೂಡ ಪಿಸುಗುಟ್ಟಿದಳು. ಸುವರ್ಣಾ ತಲೆ ಅಲ್ಲಾಡಿಸಿ, ಕೈ ಹಿಂದಕ್ಕೆ ತೆಗೆದುಕೊಂಡು, ಪುಸ್ತಕದ ಕನ್ನಡ ಬಿಟ್ಟು ಮನೆಯ ಮಾತಿನಲ್ಲಿ, "ಆಣಿ ಮಾಡಂಗಿಲ್ಲವ್ವ ನಾ," ಎಂದಳು.

ನಸ್ರೀನ್‌ಳ ಮುಂದಿನ ಮಾತು, ಈ ಆಣೆಯೇ ನಿನ್ನನ್ನು ಕಾಯಲಿ ಎಂದು. ಇಲ್ಲದ ಆಣೆ ಹೇಗೆ ಕಾಯಬೇಕು? ಪಾಪದ ಹುಡುಗಿ ಒಂದು ಕ್ಷಣ ಬಾಯಿ ತೆರೆದು ಕುಳಿತು, "ಬ್ಯಾಡಾದ್ರ ಬಿಡು ಮಗನ," ಎಂದಳು. ಸಭೆಯೆಲ್ಲ ನಕ್ಕಿತು. ಅಲ್ಲಿಗೆ ದುರಂತ ನಾಟಕದ ಕಥೆ ಮುಗಿಯಿತು. ಉಳಿದದ್ದನ್ನು ಹುಡುಗಿಯರು ಪುಸ್ತಕದಲ್ಲಿದ್ದ ಹಾಗೆಯೇ ಆಡಿದರು. ಅಣ್ಣ ಕೂಗಿದ, ಬಾಗಿಲು ತೆರೆಯಲಿಲ್ಲ, ಅಣ್ಣ ಸತ್ತ. ಆದರೆ ತಮ್ಮ ಕೆಟ್ಟವನೋ ಒಳ್ಳೆಯವನೋ ಯಾರಿಗೂ ತಿಳಿಯಲಿಲ್ಲ. "ಅಂವ ಯಾಕ ಬಾಗಲ ತಗೀಲಿಲ್ರಿ? ಪಾಪ, ಚಲೋ ಹುಡುಗ ಇದ್ದಾಂಗ ಕಾಣ್ತಿದ್ದ," ಎಂದು ಪಾಟೀಲ ಸರ್ ನನ್ನನ್ನೇ ಕೇಳಿದರು.

ಬಣ್ಣದ ಕೋಣೆಗೆ ಹೋದೆ. ಸುವರ್ಣಾ ಗೋಡೆಯ ಕಡೆ ತಿರುಗಿ ಕಾಡಿಗೆಯ ಮೀಸೆ ಒರೆಸಿಕೊಳ್ಳುತ್ತಿದ್ದಳು.

"ಮರತ್ಯಾ?"

"ಇಲ್ರಿ."

"ಮತ್ತ ಯಾಕ ನಿಂತಿ?"

"ಮುಂದ ಕುಂತಿದ್ಳಲ್ರಿ."

"ಯಾರು?"

ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ ನನ್ನನ್ನು ನೋಡಿದಳು. "ಅವ್ವ. ಆಕಿಗೆ ತಟ್ಟಿದ್ರ ಹ್ಯಾಂಗ್ರಿ ಮೇಡಂ?"

ಅಷ್ಟರಲ್ಲಿ ಶಾಂತಾಬಾಯಿ ಬಾಗಿಲಿಗೆ ಬಂದಳು. ಮುಖದ ತುಂಬ ಗಾಬರಿ. "ಮರತಳೇನ್ರಿ? ಮನ್ಯಾಗ ಎಷ್ಟು ಛಂದ ಹೇಳ್ತಿದ್ಳು. ಬೈಬ್ಯಾಡ್ರಿ ಆಕಿಗೆ, ಮಂದಿ ನೋಡಿ ಅಂಜ್ಯಾಳ."

"ಮರತಿಲ್ರಿ," ಎಂದೆ. "ಸುಳ್ಳು ಆಣಿ ಅವ್ವಗ ತಟ್ತದ ಅಂತ ಬಿಟ್ಟಾಳ."

"ಯಾರ ಅವ್ವಗರಿ?"

"ನಿಮಗರಿ. ಆಕಿನೇ ಅಂದಳು, ಅವ್ವ ಮುಂದ ಕುಂತಾಳ ಅಂತ."

ಶಾಂತಾಬಾಯಿ ಸುವರ್ಣಾಳ ಬೆನ್ನು ನೋಡುತ್ತ ನಿಂತಳು. ಸುವರ್ಣಾ ಇತ್ತ ತಿರುಗಲಿಲ್ಲ, ಮೀಸೆ ಹೋಗಿದ್ದರೂ ಒರೆಸುತ್ತಲೇ ಇದ್ದಳು.

"ಹಂಗಾದ್ರ ನಾಟಕ ಕೆಡ್ತಲ್ರಿ ಮೇಡಂ," ಎಂದಳು ಶಾಂತಾಬಾಯಿ.

"ಕೆಡ್ತು."

"ಕೆಡ್ಲಿ ಬಿಡ್ರಿ," ಎಂದಳು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆ ಒಂದು ಸಾಲಿಗಾಗಿ ಪಾಟೀಲ ಸರ್ ಜೊತೆ ಹಟ ಹಿಡಿದವಳು ನಾನು. ನನಗೂ ಅದು ಕೆಟ್ಟದ್ದೇ ಒಳ್ಳೆಯದಾಯಿತು ಅನ್ನಿಸಿತು.